ಸಮುದ್ರಕ್ಕಿಂತ ದಕ್ಕೆಗೆ ಹೆದರಿ

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯವರು. ನನ್ನ ತಮ್ಮನಿಗೆ 21 ವರ್ಷ. ಊರಿನ ಗೆಳೆಯರ ಜೊತೆ ಮಲ್ಪೆಗೆ ಹೋಗಿ ಮೂರು ತಿಂಗಳಾಯಿತು. ಸದ್ಯ ಬಂದರಿನಲ್ಲಿ ಬೋಟಿನಿಂದ ಮೀನು ಇಳಿಸುವುದು, ಐಸ್ ತುಂಬುವುದು ಮಾಡುತ್ತಿದ್ದಾನೆ. ಇನ್ನು ಸ್ವಲ್ಪ ದಿನಕ್ಕೆ ಆಳಸಮುದ್ರದ ಬೋಟು ಹತ್ತುತ್ತೇನೆ ಅನ್ನುತ್ತಾನೆ. ಕೆರೆಯಲ್ಲಿ ಕಲಿತ ಈಜು ಅಷ್ಟೇ ಅವನಿಗೆ ಗೊತ್ತು. ಟಿ.ವಿ.ಯಲ್ಲಿ ಚಂಡಮಾರುತದ ಸುದ್ದಿ ಬಂದರೆ ಅವ್ವ ಊಟ ಬಿಟ್ಟು ಕೂರುತ್ತಾಳೆ. ಅಲ್ಲಿಯ ದಿನ ಹೇಗಿರುತ್ತದೆ? ನಾವು ನಿಜವಾಗಿ ಹೆದರಬೇಕಾದದ್ದು ಯಾವುದಕ್ಕೆ?

ಉತ್ತರ: ಮೊದಲು ಅವ್ವನಿಗೆ ಊಟ ಮಾಡಲು ಹೇಳಿ. ಚಂಡಮಾರುತ ಹೇಳಿ ಕೇಳಿ ಬರುತ್ತದೆ. ಹವಾಮಾನ ಇಲಾಖೆ ದಿನಗಟ್ಟಲೆ ಮೊದಲೇ ಎಚ್ಚರಿಸುತ್ತದೆ, ಬೋಟಿನವರಿಗೆ ಫೋನು, ವೈರ್‌ಲೆಸ್ಸು ಎಲ್ಲ ಇದೆ. ತೂಫಾನ್ ಅಂತ ಗೊತ್ತಾದರೆ ಹತ್ತಿರ ಯಾವ ಬಂದರು ಇದೆಯೋ ಅಲ್ಲಿಗೆ ನುಗ್ಗುತ್ತಾರೆ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತೆಯೇ ಇಲ್ಲ.

ಹೇಳದೆ ಕೇಳದೆ ಬರುವ ಅಪಾಯಗಳೇ ಬೇರೆ. ನಾನು ಡಾಕ್ಟರು. ಬಂದರಿಗೆ ನಡೆದುಕೊಂಡು ಹೋಗುವಷ್ಟು ಹತ್ತಿರ ಇಪ್ಪತ್ತು ವರ್ಷ ಕ್ಲಿನಿಕ್ ನಡೆಸಿದೆ. ತೂಫಾನಿಗೆ ಸಿಕ್ಕಿ ನನ್ನ ಬಳಿ ಬಂದವರನ್ನು ಎರಡು ಕೈಯ ಬೆರಳಲ್ಲಿ ಎಣಿಸಬಹುದು. ದಕ್ಕೆಯಲ್ಲಿ ಪೆಟ್ಟು ತಿಂದು ಬಂದವರಿಗೆ ಲೆಕ್ಕ ಇಲ್ಲ. ದಕ್ಕೆ ಅಂದರೆ ಬೋಟು ಕಟ್ಟುವ, ಮೀನು ಇಳಿಸುವ ಕಟ್ಟೆ. ನಿಮ್ಮ ತಮ್ಮ ಈಗ ದಿನಾ ನಿಲ್ಲುವ ಜಾಗ ಅದೇ. ಅವನು ಕಡಲಿಗೆ ಹೋದ ಮೇಲೆ ಅಪಾಯ ಶುರುವಾಗುತ್ತದೆ ಅಂತ ನೀವು ಅಂದುಕೊಂಡಿದ್ದೀರಿ. ಅದು ಆಗಲೇ ಶುರುವಾಗಿದೆ.

ಹೆದರಿಸಲು ಹೇಳುತ್ತಿಲ್ಲ. ಅಲ್ಲಿಯ ಒಂದು ದಿನ ಹೇಗಿರುತ್ತದೆ ಅಂತ ಮೊದಲು ನೋಡೋಣ.

ಮಲ್ಪೆ ಕರ್ನಾಟಕದ ಅತಿ ದೊಡ್ಡ ಮೀನುಗಾರಿಕೆ ಬಂದರು. ಅಲ್ಲಿ ಬೆಳಗಾಗುವುದು ಸೂರ್ಯ ಹುಟ್ಟಿದಾಗ ಅಲ್ಲ, ಸರಿರಾತ್ರಿ ಕಳೆದು ಎರಡು ಮೂರು ಗಂಟೆಗೆ. ಹತ್ತು ಹನ್ನೆರಡು ದಿನ ಆಳಸಮುದ್ರದಲ್ಲಿ ಟ್ರಾಲ್ ಬಲೆ ಎಳೆದ ಬೋಟುಗಳು ಆ ಹೊತ್ತಿಗೆ ಬಂದು ನಿಂತಿರುತ್ತವೆ. ಬೋಟಿನ ಹೊಟ್ಟೆಯಲ್ಲಿ ಮೀನಿನ ಕೋಣೆ ಇರುತ್ತದೆ, ಐಸ್ ಪದರ, ಮೀನಿನ ಪದರ, ಮತ್ತೆ ಐಸ್. ಇಬ್ಬರು ಒಳಗೆ ಇಳಿದು ತುಂಬಿ ಕೊಡುತ್ತಾರೆ, ಮೇಲಿನವರು ಎಳೆಯುತ್ತಾರೆ, ಉಳಿದವರು ದಕ್ಕೆಗೆ ಹೊರುತ್ತಾರೆ. ಬೊಂಡಾಸ್ ಒಂದು ಕಡೆ, ಪಾಂಬೊಲ್ ಒಂದು ಕಡೆ, ಅಂಜಲ್ ಸಿಕ್ಕಿದ್ದರೆ ಅದಕ್ಕೆ ಬೇರೆಯೇ ಮರ್ಯಾದೆ. ಏಲಂ ಕೂಗು ಶುರುವಾದರೆ ಪಕ್ಕದವನ ಮಾತು ಕೇಳಿಸುವುದಿಲ್ಲ. ಬುಟ್ಟಿ ಹಿಡಿದ ಹೆಂಗಸರು ಬೆಳಕು ಹರಿಯುವ ಮೊದಲೇ ಬಂದಿರುತ್ತಾರೆ. ಮೀನಿನ ಬೆಲೆಯಲ್ಲಿ ಅವರನ್ನು ಮೋಸ ಮಾಡಲು ಸಾಧ್ಯವಿಲ್ಲ, ಮಾರಾಯ್ರೆ, ನಾನು ಎಷ್ಟು ವರ್ಷ ಸೋತಿದ್ದೇನೋ. ಎಂಟು ಒಂಬತ್ತು ಗಂಟೆಗೆ ಕೇರಳದ ಕಡೆ, ಗೋವಾದ ಕಡೆ ಹೋಗುವ ಲಾರಿಗಳು ತುಂಬಿ ಹೊರಡುತ್ತವೆ. ಆಮೇಲೆ ಬೋಟು ತೊಳೆಯಬೇಕು, ಬಲೆ ಹೊಲಿಯಬೇಕು, ಡೀಸೆಲ್, ನೀರು, ಅಕ್ಕಿ, ತರಕಾರಿ, ಟನ್‌ಗಟ್ಟಲೆ ಐಸ್ ತುಂಬಬೇಕು. ಪರ್ಸೀನ್, ಅಂದರೆ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಬೋಟಿನವರದು ಬೇರೆ ಲೆಕ್ಕ. ಅವರು ಬಂಗುಡೆ, ಬೂತಾಯಿ ಹಿಂದೆ ಬೆಳಗಿನ ಜಾವ ಹೋಗಿ ಸಾಮಾನ್ಯವಾಗಿ ಅದೇ ದಿನ ವಾಪಸು ಬರುತ್ತಾರೆ.

ಇಷ್ಟೆಲ್ಲ ನಡೆಯುವುದು ಒದ್ದೆ ನೆಲದ ಮೇಲೆ, ಅರೆ ಬೆಳಕಿನಲ್ಲಿ, ನಿದ್ದೆಗೆಟ್ಟ ಕಣ್ಣಿನಲ್ಲಿ. ಪೆಟ್ಟಾಗದಿದ್ದರೆ ಆಶ್ಚರ್ಯಪಡಬೇಕು.

ಈಗ ಮೊದಲನೆಯ ಅಪಾಯ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ: ಕಾಲು ಜಾರಿ ಬೀಳುವುದು.

ಮಲ್ಪೆಯಲ್ಲಿ ಬೋಟುಗಳು ಜಾಸ್ತಿ, ದಕ್ಕೆಯ ಉದ್ದ ಕಮ್ಮಿ. ಹಾಗಾಗಿ ಒಂದರ ಪಕ್ಕ ಒಂದು, ಸಾಲಾಗಿ ಕಟ್ಟಿರುತ್ತಾರೆ. ಆರನೇ ಬೋಟಿಗೆ ಹೋಗಬೇಕಾದರೆ ಐದು ಬೋಟು ದಾಟಬೇಕು. ಒಂದು ಎತ್ತರ, ಒಂದು ತಗ್ಗು. ಅಲೆ ಬಂದಾಗ ಎರಡರ ನಡುವಿನ ಸಂದು ಒಂದಡಿ ಇದ್ದದ್ದು ಮೂರಡಿ ಆಗುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಅಂಚಿನಲ್ಲಿ ಮೀನಿನ ಲೋಳೆ, ಇಬ್ಬನಿ, ಎಣ್ಣೆ. ಹಗಲಲ್ಲಿ ಹುಡುಗರು ಕೋತಿಗಳ ಹಾಗೆ ಹಾರುತ್ತಾರೆ. ರಾತ್ರಿ ಹನ್ನೊಂದಕ್ಕೆ, ಪೇಟೆಗೆ ಹೋಗಿ ಸ್ವಲ್ಪ ಕುಡಿದು ಬಂದು ಅದೇ ಹಾರು ಹಾರುವಾಗ ಕಥೆ ಬೇರೆ.

ಆ ಸಂದಿಯಲ್ಲಿ ಬಿದ್ದವನಿಗೆ ಈಜು ಬಂದರೂ ಉಪಯೋಗ ಕಮ್ಮಿ. ಬೀಳುವಾಗಲೇ ತಲೆ ಬೋಟಿಗೆ ಬಡಿದಿರುತ್ತದೆ. ನೀರಿನಲ್ಲಿ ಕೈ ಆಡಿಸಲು ಜಾಗ ಇರುವುದಿಲ್ಲ. ಹಿಡಿದುಕೊಳ್ಳೋಣ ಅಂದರೆ ಎರಡೂ ಕಡೆ ನುಣುಪಾದ ಗೋಡೆ. ದಕ್ಕೆ ಕಡೆಗೆ ಹೋದರೆ ಪಾಚಿ ಹಿಡಿದ ಸಿಮೆಂಟು. ಬಿದ್ದ ಸದ್ದು ಎಂಜಿನ್ ಸದ್ದಿನಲ್ಲಿ ಕೇಳಿಸುವುದಿಲ್ಲ. ಬೆಳಿಗ್ಗೆ ತಲೆ ಲೆಕ್ಕ ಮಾಡುವಾಗ ಒಬ್ಬ ಇಲ್ಲ ಅಂತ ಗೊತ್ತಾಗುತ್ತದೆ. ಈ ಕರಾವಳಿಯಲ್ಲಿ ನೀರಿಗೆ ಬಿದ್ದವರನ್ನು ಹುಡುಕಿ ಹೆಸರಾದವರು ನಮ್ಮ ಮುಳುಗುತಜ್ಞ ಈಶ್ವರ ಮಲ್ಪೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಗೆ ಇಳಿದರಲ್ಲ, ಅವರೇ. ಅಂಥ ಒಬ್ಬರು ಒಂದು ಬಂದರಿನ ಊರಲ್ಲಿ ಬೆಳೆದರು ಅನ್ನುವುದರಲ್ಲೇ ಆ ಊರಿನ ನೀರಿನ ಕಥೆ ಇದೆ.

ಇನ್ನೊಂದು ಮಾತು. ಹೇಳಲು ಮುಜುಗರ, ಆದರೆ ಹೇಳದೆ ವಿಧಿಯಿಲ್ಲ. ರಾತ್ರಿ ಮೂತ್ರಕ್ಕೆ ಎದ್ದವರು ಬೋಟಿನ ಅಂಚಿನಲ್ಲಿ ನಿಲ್ಲುತ್ತಾರೆ. ಅರೆ ನಿದ್ದೆ, ಒಂದು ಕೈ ಲುಂಗಿಯಲ್ಲಿ, ಹಿಡಿದುಕೊಳ್ಳಲು ಏನೂ ಇಲ್ಲ. ಪಕ್ಕದ ಬೋಟು ಬಂದು ಒಂದು ಸಣ್ಣ ತಟ್ಟು ತಟ್ಟಿದರೆ ಸಾಕು. ಬಂದರಿನಲ್ಲೂ ಹೀಗೆ, ಕಡಲಿನಲ್ಲೂ ಹೀಗೆ. ನಿಮ್ಮ ತಮ್ಮನಿಗೆ ನೇರವಾಗಿ ಹೇಳಿ: ರಾತ್ರಿ ಅಂಚಿಗೆ ಹೋಗಬೇಡ, ಒಂದು ಡಬ್ಬಿ ಇಟ್ಟುಕೋ. ನಗುತ್ತಾನೆ. ನಗಲಿ.

ಯಾರಾದರೂ ಬಿದ್ದರೆ ಹಿಂದೆಯೇ ಹಾರಬಾರದು. ಹಗ್ಗ, ಖಾಲಿ ಕ್ಯಾನು, ಬಲೆಯ ತೇಲುಗುಂಡು, ಕೈಗೆ ಸಿಕ್ಕಿದ್ದನ್ನು ಎಸೆಯಬೇಕು. ಜೊತೆಗೆ ಪಕ್ಕದ ಬೋಟಿಗೆ ಕಾಲು ಕೊಟ್ಟು ಸಂದು ಮುಚ್ಚದಂತೆ ತಡೆಯಲು ಹೋಗಬೇಡಿ. ಬೋಟಿನ ಭಾರದ ಎದುರು ಮನುಷ್ಯನ ಕಾಲು ಕಡ್ಡಿ ಇದ್ದ ಹಾಗೆ. ಟಯರ್ ತುರುಕಿ. ಮೇಲೆತ್ತಿದ ಮೇಲೆ ಉಸಿರಾಡದಿದ್ದರೆ ಹೊಟ್ಟೆ ಒತ್ತುವುದು, ಹೆಗಲ ಮೇಲೆ ಹಾಕಿ ತಿರುಗಿಸುವುದು, ಇದನ್ನು ಇವತ್ತಿಗೂ ಮಾಡುತ್ತಾರೆ. ಮಾಡಬಾರದು. ಹೊಟ್ಟೆಯ ನೀರು ಹೊರಗೆ ತೆಗೆದು ಪ್ರಯೋಜನವಿಲ್ಲ, ತೆಗೆಯಲು ಹೋಗಿ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಬೇಕಾದದ್ದು ಗಾಳಿ. ಬಾಯಿಗೆ ಬಾಯಿ ಇಟ್ಟು ಗಾಳಿ ಊದಬೇಕು, ಎದೆಯ ನಡುವೆ ಜೋರಾಗಿ ಒತ್ತಬೇಕು, 30 ಸಲ ಒತ್ತಿದರೆ 2 ಸಲ ಊದುವುದು. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ಉಸಿರು ನಿಂತ ಮೇಲೆ ಮಿದುಳು ತಡೆಯುವುದು ನಾಲ್ಕೈದು ನಿಮಿಷ ಅಷ್ಟೇ. ಯಾರನ್ನೋ ಕರೆದು ಬರುತ್ತೇನೆ ಅಂತ ಓಡಿದರೆ ಆ ನಿಮಿಷಗಳು ಮುಗಿದಿರುತ್ತವೆ.

ಎರಡನೆಯದು ನನಗೆ ಇದಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು. ನಿಮ್ಮ ತಮ್ಮ ಮೀನು ಇಳಿಸುತ್ತಾನೆ ಅಂದಿರಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೀನಿನ ಕೋಣೆಗೆ ಒಂದೇ ಬಾಯಿ, ಅದೂ ಮೇಲೆ. ಐಸ್ ಚೆನ್ನಾಗಿದ್ದರೆ ತೊಂದರೆ ಇಲ್ಲ. ಐಸ್ ಕರಗಿ, ಮೀನು ಕೊಳೆಯಲು ಶುರುವಾಗಿ, ತಳದಲ್ಲಿ ರಕ್ತ ಮತ್ತು ಲೋಳೆಯ ನೀರು ನಿಂತರೆ ಕಥೆ ಬದಲಾಗುತ್ತದೆ. ಕೊಳೆಸುವ ಬ್ಯಾಕ್ಟೀರಿಯಾ ಒಳಗಿನ ಆಮ್ಲಜನಕವನ್ನು ತಿಂದು ಹಾಕುತ್ತವೆ. ಬದಲಿಗೆ ಹೈಡ್ರೋಜನ್ ಸಲ್ಫೈಡ್ ಅನ್ನುವ ಅನಿಲ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅಂತಾರಲ್ಲ, ಅದು. ಗಾಳಿಗಿಂತ ಭಾರ, ಹಾಗಾಗಿ ತಳದಲ್ಲೇ ಕೂರುತ್ತದೆ.

ಈ ಅನಿಲಕ್ಕೆ ಒಂದು ಕೆಟ್ಟ ಗುಣ ಇದೆ. ಸ್ವಲ್ಪ ಇದ್ದಾಗ ಮೂಗಿಗೆ ಹೊಡೆಯುತ್ತದೆ. ಜಾಸ್ತಿ ಆದಾಗ ಮೂಗಿನ ನರವೇ ಕೆಲಸ ನಿಲ್ಲಿಸುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇದು ನೂರು ಪಾಲು ಸೇರಿದರೆ ಸಾಕು, ಸ್ವಲ್ಪ ಹೊತ್ತಿನಲ್ಲೇ ವಾಸನೆ ಗೊತ್ತಾಗದು. ‘ಈಗ ವಾಸನೆ ಹೋಯಿತು, ಇಳಿಯೋಣ’ ಅಂತ ಇಳಿಯುವವನು ಇದ್ದದ್ದಕ್ಕಿಂತ ದೊಡ್ಡ ಅಪಾಯಕ್ಕೆ ಇಳಿಯುತ್ತಿರುತ್ತಾನೆ. ಐನೂರಕ್ಕೆ ಮುಟ್ಟಿದರೆ ಕೆಲವೇ ನಿಮಿಷದಲ್ಲಿ, ಏಳುನೂರು ದಾಟಿದರೆ ನಿಂತಲ್ಲೇ ಮನುಷ್ಯ ಕುಸಿಯುತ್ತಾನೆ. ಕೂಗಲೂ ಆಗುವುದಿಲ್ಲ.

ಆಮೇಲೆ ಏನಾಗುತ್ತದೆ ಗೊತ್ತಾ? ಮೇಲಿದ್ದ ಗೆಳೆಯ ನೋಡುತ್ತಾನೆ. ‘ಏ, ಬಿದ್ದ’ ಅಂತ ಇಳಿಯುತ್ತಾನೆ. ಅವನೂ ಬೀಳುತ್ತಾನೆ. ಮೂರನೆಯವನು ಇಳಿಯುತ್ತಾನೆ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜ್ಪೆ ಬಳಿ ಒಂದು ಮೀನು ಸಂಸ್ಕರಣಾ ಘಟಕದ ತ್ಯಾಜ್ಯ ಟ್ಯಾಂಕಿನಲ್ಲಿ ನಡೆದದ್ದು ಇದೇ. ಒಬ್ಬನನ್ನು ಎತ್ತಲು ಇಳಿದವರೂ ಬಿದ್ದರು. ಐವರು ಸತ್ತರು, ಎಲ್ಲ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದ ಹುಡುಗರು. ಅದು ಬೋಟಲ್ಲ, ಕಾರ್ಖಾನೆ. ಆದರೆ ಅನಿಲ ಅದೇ, ಗುಂಡಿಯ ಆಕಾರ ಅದೇ, ಗೆಳೆತನವೂ ಅದೇ.

ಹಾಗಾದರೆ ಇಳಿಯಲೇಬಾರದಾ? ಇಳಿಯಬೇಕು, ಅದು ಅವನ ಕೆಲಸ. ಮುಚ್ಚಳ ತೆಗೆದ ತಕ್ಷಣ ಬೇಡ. ಎಲ್ಲ ಮುಚ್ಚಳ ತೆಗೆದು ಒಂದಷ್ಟು ಹೊತ್ತು ಬಿಡಬೇಕು, ಫ್ಯಾನ್ ಅಥವಾ ಬ್ಲೋವರ್‌ನ ಪೈಪು ತಳದವರೆಗೆ ಇಳಿಸಿ ಗಾಳಿ ಊದಬೇಕು. ತಳದ ಕೊಳೆ ನೀರನ್ನು ಮೇಲಿನಿಂದಲೇ ಪಂಪು ಮಾಡಬೇಕು. ಆ ನೀರನ್ನು ಕಾಲಿನಿಂದ ಕಲಕಿದಾಗಲೇ ಅದರೊಳಗೆ ಕೂತಿದ್ದ ಅನಿಲ ಒಮ್ಮೆಗೇ ಏಳುವುದು. ಇಳಿಯುವವನ ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಮೇಲಿನವನ ಕೈಯಲ್ಲಿ. ಬಿದ್ದರೆ ಎಳೆಯಬೇಕು, ಇಳಿಯಬಾರದು. ಮೂಗಿಗೆ ಕಟ್ಟಿದ ಬೈರಾಸು (ಟವೆಲ್), ಕೋವಿಡ್ ಮಾಸ್ಕ್ ಇವುಗಳಿಂದ ಅನಿಲ ನಿಲ್ಲುವುದಿಲ್ಲ. ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯನ್ನೂ ನಂಬಬೇಡಿ, ಈ ಅನಿಲಕ್ಕೆ ಬೆಂಕಿ ಹತ್ತುತ್ತದೆ.

ಮಳೆಗಾಲದ ರಜೆ ಮುಗಿದು ಜುಲೈ ಕೊನೆಯಲ್ಲಿ ಬೋಟು ತೆರೆಯುವಾಗಲೂ ಇದೇ ಎಚ್ಚರ ಬೇಕು. ಮೀನೇ ಇಲ್ಲವಲ್ಲ ಅನ್ನಬಹುದು. ಈಗ ಕಬ್ಬಿಣದ ಬೋಟುಗಳು ಜಾಸ್ತಿ. ಎರಡು ತಿಂಗಳು ಮುಚ್ಚಿಟ್ಟ ಕಬ್ಬಿಣದ ಕೋಣೆಯಲ್ಲಿ ತುಕ್ಕು ಹಿಡಿಯುವುದೇ ಆಮ್ಲಜನಕ ತಿಂದು. ವಾಸನೆಯೂ ಇರುವುದಿಲ್ಲ, ಬಣ್ಣವೂ ಇರುವುದಿಲ್ಲ, ಸುಮ್ನೆ ಉಸಿರಿಗೆ ಬೇಕಾದದ್ದು ಅಲ್ಲಿ ಇರುವುದಿಲ್ಲ.

ಯಂತ್ರಗಳ ವಿಷಯ ಅವನಿಗೆ ಅಲ್ಲಿಯವರು ಹೇಳಿಯೇ ಇರುತ್ತಾರೆ, ಆದರೂ ಎರಡು ಮಾತು. ಐಸ್ ಗಡ್ಡೆ ಪುಡಿ ಮಾಡುವ ಯಂತ್ರಕ್ಕೆ ಹಲ್ಲುಗಳಿವೆ. ಗಡ್ಡೆ ಸಿಕ್ಕಿಕೊಂಡಾಗ ಕಾಲಿನಿಂದ ಒದೆಯುವ ಅಭ್ಯಾಸ ಬಹಳ ಜನರಿಗೆ. ನನ್ನ ಬಳಿ ಒಬ್ಬ ಹುಡುಗ ಬಂದಿದ್ದ, ಬಲಗಾಲಿನ ಮೂರು ಬೆರಳು ಇರಲಿಲ್ಲ. ‘ಒಂದೇ ಸಲ ಡಾಕ್ಟ್ರೇ’ ಅಂದ. ಮರದ ಕೋಲು ಇಟ್ಟುಕೊಂಡರೆ ಮುಗಿಯುವ ಕೆಲಸ. ಬಲೆ ಎಳೆಯುವ ವಿಂಚಿನ ಹತ್ತಿರ ಸಡಿಲ ಅಂಗಿ, ಕುತ್ತಿಗೆಗೆ ಬೈರಾಸು ಬೇಡ. ಹಗ್ಗ ಸುರುಳಿ ಸುತ್ತಿ ಬಿದ್ದಿದ್ದರೆ ಅದರೊಳಗೆ ಕಾಲಿಡಬಾರದು. ಬಲೆ ನೀರಿಗೆ ಹೋಗುವಾಗ ಆ ಸುರುಳಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಗಿಯುತ್ತದೆ, ಕಾಲು ಹಿಡಿದು ಮನುಷ್ಯನನ್ನೇ ಕಡಲಿಗೆ ಎಳೆಯುತ್ತದೆ. ಬಿಗಿದ ಉಕ್ಕಿನ ಹಗ್ಗದ ನೇರಕ್ಕೆ ನಿಲ್ಲಬಾರದು. ಅದು ತುಂಡಾದರೆ ಚಾಟಿಯ ಹಾಗೆ ಬೀಸುತ್ತದೆ.

ಐಸ್ ಪ್ಲಾಂಟಿನಲ್ಲಿ ಕೆಲಸ ಸಿಕ್ಕರೆ ಅಮೋನಿಯ ನೆನಪಿರಲಿ. ನೀರು ಹೆಪ್ಪುಗಟ್ಟಿಸುವುದು ಅದರಿಂದಲೇ. ಸೋರಿದರೆ ಕಣ್ಣು, ಗಂಟಲು ಉರಿದು ಹೋಗುತ್ತದೆ. ಒಂದೇ ಒಳ್ಳೆಯದೆಂದರೆ ಇದು ಮೂಗಿಗೆ ಮೋಸ ಮಾಡುವುದಿಲ್ಲ, ಸ್ವಲ್ಪ ಇದ್ದರೂ ಗೊತ್ತಾಗುತ್ತದೆ. ಗಾಳಿ ಬೀಸುವ ದಿಕ್ಕಿನಲ್ಲಿ ಓಡಿದರೆ ಅನಿಲವೂ ಜೊತೆಗೇ ಓಡಿ ಬರುತ್ತದೆ, ಅಡ್ಡ ಓಡಬೇಕು. ಕಣ್ಣಿಗೆ ತಾಗಿದರೆ ಬೇರೇನೂ ಯೋಚಿಸದೆ ಹದಿನೈದು ನಿಮಿಷವಾದರೂ ಶುದ್ಧ ನೀರು ಹೊಯ್ಯುತ್ತಾ ಇರಬೇಕು, ಆಸ್ಪತ್ರೆ ಆಮೇಲೆ.

ಬೆಂಕಿಯೂ ಇದೆ. ಫೈಬರ್ ಬೋಟು, ನೈಲಾನ್ ಬಲೆ, ಡೀಸೆಲ್, ಥರ್ಮೋಕೋಲ್ ಎಲ್ಲ ಒಂದಕ್ಕೊಂದು ತಾಗಿಕೊಂಡಿರುವ ಜಾಗ. 2023ರ ನವೆಂಬರ್‌ನಲ್ಲಿ, ದೀಪಾವಳಿ ಹೊತ್ತಿಗೆ, ಗಂಗೊಳ್ಳಿ ಬಂದರಿನಲ್ಲಿ ಒಂದು ಬೋಟಿಗೆ ಹತ್ತಿದ ಬೆಂಕಿ ಸಾಲು ಬೋಟುಗಳನ್ನು ಸುಟ್ಟು ಹಾಕಿತು. ಬೋಟಿನ ಕ್ಯಾಬಿನ್‌ನಲ್ಲಿ ಗ್ಯಾಸ್ ಒಲೆಯಲ್ಲಿ ಅಡುಗೆ ಮಾಡುತ್ತಾರೆ. ಅಡುಗೆ ಗ್ಯಾಸೂ ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲು ತೆರೆದರೆ ಹೋಗುತ್ತದೆ, ಬೋಟಿನಲ್ಲಿ ಕೆಳಗೆ ಎಂಜಿನ್ ಕೋಣೆಗೆ ಇಳಿದು ಕಾದು ಕೂರುತ್ತದೆ. ಮಲಗುವ ಮುಂಚೆ ಸಿಲಿಂಡರ್ ಬಂದ್ ಮಾಡಲಿ. ಚಳಿ ಅಂತ ಎಂಜಿನ್ ಓಡುತ್ತಿರುವಾಗ ಅದರ ಕೋಣೆಯಲ್ಲಿ ಮಲಗುವುದೂ ಬೇಡ. ಹೊಗೆಯ ವಿಷಕ್ಕೆ ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ಈಗ ಮೀನು. ನಿಮ್ಮೂರಿನ ಕಡೆಯವರು ಮೀನನ್ನು ಸತ್ತ ಮೇಲೆ ನೋಡಿದವರು, ಅಲ್ವಾ? ಬಲೆಯಲ್ಲಿ ಬರುವುದರಲ್ಲಿ ಅರ್ಧಕ್ಕೆ ಮುಳ್ಳಿದೆ. ತೊರಕೆ ಮೀನಿನ ಬಾಲದಲ್ಲಿ ಗರಗಸದಂಥ ಮುಳ್ಳು, ಅದರಲ್ಲಿ ವಿಷ. ತೇಡೆ ಮೀನಿನ ಬೆನ್ನು ಮತ್ತು ಎರಡು ಪಕ್ಕದಲ್ಲಿ ಮುಳ್ಳು. ಚುಚ್ಚಿದರೆ ಗಟ್ಟಿಗರೂ ಅಳುತ್ತಾರೆ. ಇದಕ್ಕೆ ನಾನು ಕಂಡ ಅತ್ಯುತ್ತಮ ಮದ್ದು ಬಿಸಿನೀರು. ಕೈ ತಡೆಯುವಷ್ಟು ಬಿಸಿ, ಸುಮಾರು 45 ಡಿಗ್ರಿ. ಅದರಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿ ಇಟ್ಟರೆ ಆ ವಿಷ ಶಕ್ತಿ ಕಳೆದುಕೊಳ್ಳುತ್ತದೆ, ನೋವು ಇಳಿಯುತ್ತದೆ. ಚುಚ್ಚಿದ ಕೈಗೆ ನೋವಿನಿಂದ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ, ಇನ್ನೊಂದು ಕೈಯಿಂದ ನೋಡಿಯೇ ಇಳಿಸಬೇಕು. ಐಸ್ ಪಕ್ಕದಲ್ಲೇ ಇರುತ್ತದಲ್ಲ, ಎಲ್ಲರೂ ಐಸ್ ಇಡುತ್ತಾರೆ. ಅದು ಇಲ್ಲಿ ಕೆಲಸ ಮಾಡುವುದಿಲ್ಲ. ಹೊಟ್ಟೆಗೆ, ಎದೆಗೆ, ಕುತ್ತಿಗೆಗೆ ಚುಚ್ಚಿದ್ದರೆ ಮುಳ್ಳು ಕೀಳದೆ ಹಾಗೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಟ್ರಾಲ್ ಬಲೆಯಲ್ಲಿ ಕಡಲ ಹಾವೂ ಬರುತ್ತದೆ. ‘ಸಮುದ್ರದ ಹಾವು ಕಚ್ಚುವುದಿಲ್ಲ’ ಅಂತ ಬಾಲ ಹಿಡಿದು ಎಸೆಯುವವರನ್ನು ನೋಡಿದ್ದೇನೆ. ಸಾಮಾನ್ಯವಾಗಿ ಕಚ್ಚುವುದಿಲ್ಲ ನಿಜ. ಆದರೆ ಬಲೆಯಲ್ಲಿ ಗಂಟೆಗಟ್ಟಲೆ ಹಿಂಡಿಸಿಕೊಂಡ ಹಾವು ಸಾಮಾನ್ಯ ಹಾವಲ್ಲ. ಕಚ್ಚಿದ್ದು ಮುಳ್ಳು ತಾಗಿದಷ್ಟೇ ಅನ್ನಿಸುತ್ತದೆ, ನೋವೇ ಇಲ್ಲ. ಕೆಲವು ಗಂಟೆಯಲ್ಲಿ ಮೈಯೆಲ್ಲ ಸ್ನಾಯು ನೋವು, ರೆಪ್ಪೆ ಇಳಿಬೀಳುವುದು, ಮೂತ್ರ ಕಪ್ಪು ಚಹಾದ ಬಣ್ಣ. ನಮ್ಮ ಆಸ್ಪತ್ರೆಗಳಲ್ಲಿ ಇರುವ ಹಾವಿನ ಮದ್ದು ನಾಗರ, ಕಟ್ಟುಹಾವು ಇಂಥ ನಾಲ್ಕು ನೆಲದ ಹಾವುಗಳಿಗೆ ಮಾಡಿದ್ದು, ಕಡಲ ಹಾವಿಗೆ ಅಲ್ಲ. ಉಸಿರಾಟದ ಯಂತ್ರ, ಡಯಾಲಿಸಿಸ್ ಇರುವ ಕಡೆ ಬೇಗ ಸೇರಬೇಕು. ಮಣಿಪಾಲ ಹತ್ತಿರವೇ ಇರುವುದು ಮಲ್ಪೆಯವರ ಪುಣ್ಯ. ಕಡಲಿನಲ್ಲಿ ಎರಡು ದಿನದ ದೂರದಲ್ಲಿದ್ದರೆ ಆ ಪುಣ್ಯ ಇಲ್ಲ. ಹಾಗಾಗಿ ಕೋಲು ಬಳಸಲಿ.

ಸಣ್ಣ ಗಾಯಗಳ ಬಗ್ಗೆ ಯಾರೂ ಡಾಕ್ಟರ ಹತ್ತಿರ ಬರುವುದಿಲ್ಲ. ಬರುವುದು ಕೈ ಬಾತು ಕೆಂಪಾದ ಮೇಲೆ. ಕಡಲ ನೀರಿನ ಕೆಲವು ಬ್ಯಾಕ್ಟೀರಿಯಾಗಳಿಗೆ ಒಂದು ಗೀರು ಸಾಕು. ಅದೂ ದಿನಾ ಕುಡಿದು ಯಕೃತ್ತು ಕೆಡಿಸಿಕೊಂಡವರಲ್ಲಿ ಒಂದೆರಡು ದಿನದಲ್ಲಿ ಕೈ ಕತ್ತರಿಸುವ ಮಟ್ಟಕ್ಕೆ ಹೋಗಬಹುದು. ಗೀರು ಬಿದ್ದರೆ ಕುಡಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಲಿ. ಟಿಟಿ ಇಂಜೆಕ್ಷನ್ ಆಗಿದೆಯಾ ಕೇಳಿ, ಇಲ್ಲದಿದ್ದರೆ ಈ ವಾರವೇ ಹಾಕಿಸಿಕೊಳ್ಳಲಿ.

ಜ್ವರದ ಬಗ್ಗೆ ಮಾತ್ರ ಬಿಡದೆ ಹೇಳುತ್ತೇನೆ. ಬಂದರು ಅಂದರೆ ಮೀನು, ಮೀನು ಅಂದರೆ ಇಲಿ. ಇಲಿಯ ಮೂತ್ರ ಬೆರೆತ ನೀರಿನಲ್ಲಿ ಬರಿಗಾಲಲ್ಲಿ ನಿಂತರೆ, ಕಾಲಿನ ಬಿರುಕಿನಿಂದ ಇಲಿಜ್ವರದ ರೋಗಾಣು ಒಳಗೆ ಹೋಗುತ್ತದೆ. ಉಡುಪಿ, ದಕ್ಷಿಣ ಕನ್ನಡದಲ್ಲಿ ಇದು ಹೊಸದೇನಲ್ಲ, ಮಳೆ ಶುರುವಾದ ಮೇಲೆ ಪ್ರತಿವರ್ಷ ಬರುತ್ತದೆ. ಜೋರು ಜ್ವರ, ಮೀನಖಂಡ ಮುಟ್ಟಿದರೆ ಕೂಗುವಷ್ಟು ನೋವು, ಕೀವಿಲ್ಲದೆ ಕೆಂಪಾದ ಕಣ್ಣು. ಮೊದಲ ದಿನಗಳಲ್ಲಿ ಬಂದರೆ ಕಮ್ಮಿ ಬೆಲೆಯ ಮಾತ್ರೆಯಲ್ಲೇ ಹೋಗುತ್ತದೆ. ಮೆಡಿಕಲ್ ಅಂಗಡಿಯ ನೋವಿನ ಮಾತ್ರೆ ನುಂಗಿ ಐದು ದಿನ ತಳ್ಳಿದರೆ ಕಾಮಾಲೆ ಬರುತ್ತದೆ, ಮೂತ್ರಪಿಂಡ ಕೈಕೊಡುತ್ತದೆ. ‘ಕೆಲಸ ಜಾಸ್ತಿ ಆಗಿ ಮೈಕೈ ನೋವು’ ಅಂತ ಅವನು ಫೋನಿನಲ್ಲಿ ಅಂದರೆ, ಜ್ವರ ಇದೆಯಾ ಅಂತ ಕೇಳಿ. ಡಾಕ್ಟರ ಬಳಿ ಹೋದಾಗ ‘ಬಂದರಿನಲ್ಲಿ ಕೆಲಸ’ ಅಂತ ಮೊದಲೇ ಹೇಳಲಿ. ಆ ಒಂದು ಮಾತಿಗೆ ರಕ್ತಪರೀಕ್ಷೆಯ ಚೀಟಿ ಬೇರೆಯಾಗುತ್ತದೆ.

ಇನ್ನು ಕಡಲು. ಅಪಾಯ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರ ಜೊತೆ ಕಾಣೆಯಾಯಿತು. ಸುಮಾರು ನಾಲ್ಕೂವರೆ ತಿಂಗಳಾದ ಮೇಲೆ ಮಹಾರಾಷ್ಟ್ರದ ಮಾಲ್ವಾಣ ಕಡಲಿನ ತಳದಲ್ಲಿ ನೌಕಾಪಡೆಗೆ ಅದರ ಅವಶೇಷ ಸಿಕ್ಕಿತು. ಇಲ್ಲಿಯ ಮನೆಗಳು ಅದನ್ನು ಮರೆತಿಲ್ಲ. 2021ರ ಏಪ್ರಿಲ್‌ನಲ್ಲಿ ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲು ಆಚೆ ಕೇರಳದ ಒಂದು ಬೋಟಿಗೆ ಸರಕು ಹಡಗು ಡಿಕ್ಕಿ ಹೊಡೆಯಿತು. ರಾತ್ರಿ ಎರಡು ಗಂಟೆಯ ಹೊತ್ತು. 14 ಜನರಲ್ಲಿ ಜೀವಂತ ಸಿಕ್ಕಿದ್ದು ಇಬ್ಬರು. ಎಲ್ಲರೂ ಒಟ್ಟಿಗೆ ಮಲಗುವ ಬೋಟು ಯಾವಾಗಲೂ ಕೆಟ್ಟ ಬೋಟು. ರಾತ್ರಿ ಒಬ್ಬ ಎದ್ದಿರಬೇಕು, ದೀಪ ಉರಿಯುತ್ತಿರಬೇಕು. ಬೋಟು ಹತ್ತುವ ಮೊದಲು ತಮ್ಮ ಕೇಳಬೇಕಾದದ್ದು ಸಂಬಳ ಎಷ್ಟು ಅಂತ ಮಾತ್ರ ಅಲ್ಲ: ಲೈಫ್ ಜಾಕೆಟ್ ಎಷ್ಟಿವೆ, ಎಲ್ಲಿವೆ? ಎಂಜಿನ್ ಕೋಣೆಯಲ್ಲಿ ಗೋಣಿಚೀಲದ ಅಡಿಯಲ್ಲಿದ್ದರೆ ಇದ್ದೂ ಇಲ್ಲದ ಹಾಗೆ. ಅಳಿವೆ ದಾಟುವಾಗಲಂತೂ ಹಾಕಿಕೊಂಡೇ ಇರಲಿ. ಅಳಿವೆ ಅಂದರೆ ಹೊಳೆ ಕಡಲಿಗೆ ಸೇರುವ ಬಾಯಿ. ಹೊಳೆ ತಂದ ಮರಳು ಅಲ್ಲಿ ದಿಬ್ಬ ಕಟ್ಟುತ್ತದೆ, ಅಲೆ ಅಲ್ಲಿ ಒಡೆಯುತ್ತದೆ, ಮನೆ ಕಾಣುವಷ್ಟು ಹತ್ತಿರ ಬಂದ ಬೋಟು ಮಗುಚುವುದು ಅಲ್ಲೇ.

ತಾಂಡೇಲ ಯಾರು ಅನ್ನುವುದೂ ಮುಖ್ಯ. ಬೋಟು ನಡೆಸುವವನು ತಾಂಡೇಲ, ಉಳಿದವರು ಕಲಾಸಿಗಳು. ಒಳ್ಳೆಯ ತಾಂಡೇಲ ಹೊಸ ಹುಡುಗನನ್ನು ಮೊದಲ ಟ್ರಿಪ್ಪಿನಲ್ಲಿ ವಿಂಚಿನ ಹತ್ತಿರ ಬಿಡುವುದಿಲ್ಲ. ಬಯ್ಗುಳ ಜಾಸ್ತಿ ಇರಬಹುದು, ತಮ್ಮನಿಗೆ ಬೇಜಾರೂ ಆಗಬಹುದು. ಬಯ್ಯದೆ ‘ಮಾಡು, ಏನೂ ಆಗಲ್ಲ’ ಅನ್ನುವವನ ಬಗ್ಗೆ ನನಗೆ ಅನುಮಾನ ಜಾಸ್ತಿ.

ಕಾಗದಪತ್ರದ ಕೆಲಸ ಇವತ್ತೇ ಮಾಡಬಹುದು. ಅವನ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ಟಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಮೀನುಗಾರನಾಗಿ ನೋಂದಣಿಯಾದರೆ ಮತ್ಸ್ಯಸಂಪದ ಯೋಜನೆಯ ಗುಂಪು ವಿಮೆ ಬೇರೆ ಇದೆ, 5 ಲಕ್ಷದ್ದು. ನೋಂದಣಿಗೆ ಬೋಟಿನ ಮಾಲೀಕರನ್ನೋ ಮೀನುಗಾರರ ಸಂಘವನ್ನೋ ಕೇಳಬೇಕು. ಹೊರಗಿನಿಂದ ಬಂದ ಹುಡುಗರ ಹೆಸರು ಎಷ್ಟೋ ಸಲ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಏನಾದರೂ ಆದಾಗ ‘ಅವನು ಯಾರು, ಯಾವ ಊರು’ ಅಂತ ಶುರುವಾಗುತ್ತದೆ. ನಾನೇ ಶವಾಗಾರದ ಮುಂದೆ ನಿಂತು ಗೆಳೆಯರ ಮೊಬೈಲಿನಲ್ಲಿ ಊರಿನ ನಂಬರು ಹುಡುಕಿದ್ದೇನೆ. ಬೋಟು ಹೊರಡುವಾಗ ಜನರ ಪಟ್ಟಿಯಲ್ಲಿ ಅವನ ಹೆಸರು, ಊರು, ನಿಮ್ಮ ಫೋನ್ ನಂಬರು ಇದೆಯಾ ಅಂತ ಅವನೇ ನೋಡಿಕೊಳ್ಳಲಿ.

ಅವ್ವನ ವಿಷಯ. ಬೋಟು ದಡ ಬಿಟ್ಟು ಸ್ವಲ್ಪ ದೂರ ಹೋದರೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಹತ್ತು ಹನ್ನೆರಡು ದಿನ ಫೋನ್ ‘ಸ್ವಿಚ್ ಆಫ್’ ಅನ್ನುತ್ತದೆ. ಅದು ಕೆಟ್ಟ ಸುದ್ದಿಯಲ್ಲ. ಹೊರಡುವ ದಿನ ಅವನು ಮೂರು ವಿಷಯ ಹೇಳಿ ಹೋಗಲಿ: ಬೋಟಿನ ಹೆಸರು ಮತ್ತು ಅದರ ಮೇಲೆ ಬರೆದ ನೋಂದಣಿ ಸಂಖ್ಯೆ, ಮಾಲೀಕರ ಫೋನು, ವಾಪಸು ಬರುವ ಅಂದಾಜು ತಾರೀಕು. ಆ ತಾರೀಕು ದಾಟಿ ಎರಡು ದಿನವಾದರೆ ಮಾಲೀಕರಿಗೆ ಫೋನ್ ಮಾಡಿ, ಅವರ ಹತ್ತಿರ ಬೇರೆ ಬೋಟುಗಳಿಂದ ವೈರ್‌ಲೆಸ್ಸಿನಲ್ಲಿ ಬಂದ ಸುದ್ದಿ ಇರುತ್ತದೆ. ಕರಾವಳಿ ಕಾವಲು ಪಡೆಯ ತುರ್ತು ನಂಬರು 1554, ಕರಾವಳಿ ಪೊಲೀಸರದು 1093. ಇವಿಷ್ಟನ್ನೂ ಗೋಡೆಯ ಕ್ಯಾಲೆಂಡರಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದಿಡಿ, ವಾಪಸು ಬರುವ ತಾರೀಕಿಗೆ ಅವ್ವನ ಕೈಯಿಂದಲೇ ಒಂದು ಸುತ್ತು ಹಾಕಿಸಿ.